ಬೋಲ್ಟ್ ಹಗುರಾದರೆ ಒಳ್ಳೆಯದೇ? ರೈಫಲಿನೊಳಗೆ ಒಂದು ಸಂವೇಗದ ಪಾಠ



ಪ್ರಥಮ ಪಿಯುಸಿಯಲ್ಲಿ ಚಲನೆಯ ನಿಯಮಗಳ ಅಧ್ಯಾಯ ಮುಗಿಸಿದ ವಾರ ಎನ್‌ಸಿಸಿಯ ಇಬ್ಬರು ಕೆಡೆಟ್‌ಗಳು ನನಗೆ ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, "ಸರ್, ಫೈರಿಂಗ್ ಮಾಡುವಾಗ ರೈಫಲ್ ಹೆಗಲಿಗೆ ಒದೆಯುತ್ತದಂತೆ, ತೆಳ್ಳಗಿರುವವರಿಗೆ ಪೆಟ್ಟಾಗುತ್ತದೆಯೇ?" ಎರಡನೆಯದು, "ಸೈನ್ಯದ ಎಸ್‌ಎಲ್‌ಆರ್ ತಾನೇ ಲೋಡ್ ಆಗುತ್ತದಲ್ಲ, ಅದರ ಒಳಗಿನ ಬೋಲ್ಟನ್ನು ಹಗುರ ಮಾಡಿದರೆ ಇನ್ನೂ ಚುರುಕಾಗಿ ಕೆಲಸ ಮಾಡಬೇಕಲ್ಲವೇ?" ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ತರಗತಿಯ 50 ನಿಮಿಷದಲ್ಲಿ ಹೇಳಲು ಆಗದ್ದನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಪೆನ್ನು, ಹಾಳೆ ಇಟ್ಟುಕೊಂಡು ಓದಿರಿ.

ಮೊದಲು ಹೆಗಲಿನ ಪ್ರಶ್ನೆ

ಸಂವೇಗ ಎಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ. ಇಂಗ್ಲಿಷಿನಲ್ಲಿ ನೀವು ಮೊಮೆಂಟಮ್ ಎಂದು ಓದುವುದು ಇದನ್ನೇ. ಗುಂಡು ಹಾರುವ ಮೊದಲು ರೈಫಲೂ ನಿಂತಿದೆ, ಗುಂಡೂ ನಿಂತಿದೆ. ಒಟ್ಟು ಸಂವೇಗ ಸೊನ್ನೆ. ಗುಂಡು ಮುಂದೆ ಹೋದಾಗಲೂ ಮೊತ್ತ ಸೊನ್ನೆಯೇ ಆಗಿರಬೇಕಾದರೆ ರೈಫಲ್ ಅಷ್ಟೇ ಸಂವೇಗದೊಂದಿಗೆ ಹಿಂದೆ ಬರಬೇಕು. ಇದೇ ನೀವು ಕೇಳಿದ ಒದೆತ.

ಎನ್‌ಸಿಸಿಯಲ್ಲಿ ನಿಮಗೆ ಕೊಡುವುದು .22 ರೈಫಲ್. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ, ನಳಿಗೆ ಬಿಡುವಾಗಿನ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಗುಣಿಸಿದರೆ ಸಂವೇಗ 0.86 ಕೆ.ಜಿ. ಮೀಟರ್ ಪ್ರತಿ ಸೆಕೆಂಡ್. ಕೆಡೆಟ್‌ಗಳ ಕೈಗೆ ಬರುವ .22 ರೈಫಲುಗಳಲ್ಲಿ ಎರಡು ಮಾದರಿಗಳಿವೆ. ಹಗುರವಾದ ಡಿಲಕ್ಸ್ ರೈಫಲ್ ಸುಮಾರು 2.8 ಕೆ.ಜಿ., ಹಳೆಯ ಭಾರದ ರೈಫಲ್ ಸುಮಾರು 3.9 ಕೆ.ಜಿ. ಗುಂಡು ಎರಡಕ್ಕೂ ಒಂದೇ, ಆದ್ದರಿಂದ ಹಿಂದಕ್ಕೆ ಬರುವ ಸಂವೇಗವೂ ಒಂದೇ. ಆದರೆ ವೇಗ ಬೇರೆ. ಹಗುರವಾದದ್ದು ಸೆಕೆಂಡಿಗೆ 0.31 ಮೀಟರ್ ವೇಗದಲ್ಲಿ ಹಿಂದೆ ಬರುತ್ತದೆ, ಭಾರವಾದದ್ದು 0.22 ಮೀಟರ್ ವೇಗದಲ್ಲಿ.

ಈಗ ಚಲನಶಕ್ತಿ ನೋಡೋಣ. ಸಂವೇಗ ಗೊತ್ತಿದ್ದಾಗ ಚಲನಶಕ್ತಿ ತೆಗೆಯುವ ಸುಲಭ ದಾರಿ: ಸಂವೇಗದ ವರ್ಗವನ್ನು ದ್ರವ್ಯರಾಶಿಯ ಎರಡರಷ್ಟರಿಂದ ಭಾಗಿಸಿ. ಹಗುರ ರೈಫಲಿಗೆ 0.13 ಜೂಲ್, ಭಾರದ ರೈಫಲಿಗೆ 0.095 ಜೂಲ್ ಬರುತ್ತದೆ. 100 ಗ್ರಾಂ ತೂಕದ ಪೇರಲ ಹಣ್ಣು ಹತ್ತು ಸೆಂಟಿಮೀಟರ್ ಎತ್ತರದಿಂದ ಅಂಗೈಗೆ ಬಿದ್ದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಇದು. ಹೆದರಲು ಕಾರಣವಿಲ್ಲ. ಗಮನಿಸಿ, ಅದೇ ಗುಂಡಿನ ಚಲನಶಕ್ತಿ 140 ಜೂಲ್‌ಗೂ ಹೆಚ್ಚು. ಸಂವೇಗ ಇಬ್ಬರಿಗೂ ಸಮ. ಶಕ್ತಿ ಮಾತ್ರ ಬಹುಪಾಲು ಹಗುರವಾದವನ ಪಾಲಿಗೆ ಹೋಗುತ್ತದೆ. ಈ ಒಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸೈನ್ಯದ 7.62 ಮಿ.ಮೀ. ಎಸ್‌ಎಲ್‌ಆರ್ ಲೆಕ್ಕ ಬೇರೆ. ಗುಂಡು ಸುಮಾರು 9.3 ಗ್ರಾಂ, ವೇಗ ಸುಮಾರು 840 ಮೀಟರ್, ರೈಫಲ್ ಸುಮಾರು 4.4 ಕೆ.ಜಿ. ಸಂವೇಗ 7.8, ಅಂದರೆ .22 ರೈಫಲಿನ ಒಂಬತ್ತು ಪಟ್ಟು. ರೈಫಲ್ ಹಿಂದೆ ಬರುವ ವೇಗ 1.8 ಮೀಟರ್, ಶಕ್ತಿ ಸುಮಾರು 7 ಜೂಲ್. ಒಂದು ಕಿಲೋ ಬೆಲ್ಲದ ಅಚ್ಚು 70 ಸೆಂಟಿಮೀಟರ್ ಎತ್ತರದಿಂದ ಹೆಗಲ ಮೇಲೆ ಬಿದ್ದಂತೆ. ಗುಂಡಿನ ಹಿಂದೆ ನುಗ್ಗುವ ಅನಿಲದ ಸಂವೇಗವನ್ನು ನಾನು ಇಲ್ಲಿ ಸೇರಿಸಿಲ್ಲ, ಅದನ್ನೂ ಕೂಡಿಸಿದರೆ ಒದೆತ ಇನ್ನೂ ಹೆಚ್ಚು.

ಉಸ್ತಾದರು "ಬಟ್ಟನ್ನು ಹೆಗಲಿಗೆ ಒತ್ತಿ ಹಿಡಿ" ಎಂದು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಒತ್ತಿ ಹಿಡಿದರೆ ರೈಫಲ್ ಮತ್ತು ನಿಮ್ಮ ಮೈ ಒಂದೇ ವಸ್ತುವಿನಂತೆ ಹಿಂದೆ ಸರಿಯುತ್ತವೆ. 50 ಕೆ.ಜಿ. ತೂಕದ ಹುಡುಗಿ 3.9 ಕೆ.ಜಿ. ರೈಫಲನ್ನು ಒತ್ತಿ ಹಿಡಿದಳು ಎನ್ನಿ. 0.86ನ್ನು 53.9ರಿಂದ ಭಾಗಿಸಿ, ಸೆಕೆಂಡಿಗೆ 0.016 ಮೀಟರ್. ಪಠ್ಯಪುಸ್ತಕದ ಅಭ್ಯಾಸದಲ್ಲಿ 100 ಕೆ.ಜಿ. ತೋಪಿನಿಂದ 0.020 ಕೆ.ಜಿ. ಗುಂಡು 80 ಮೀಟರ್ ವೇಗದಲ್ಲಿ ಹಾರುವ ಲೆಕ್ಕವಿದೆ. ಅದರ ಉತ್ತರವೂ 0.016. ಮೈ ಎನ್ನುವುದು ಕಬ್ಬಿಣದ ಗಟ್ಟಿಯಲ್ಲ, ಹೆಗಲು ಮೊದಲು ಸರಿದು ಸೊಂಟ ನಂತರ ಸರಿಯುತ್ತದೆ, ಆದ್ದರಿಂದ ನಿಜವಾದ ವೇಗ ಸ್ವಲ್ಪ ಹೆಚ್ಚಿರುತ್ತದೆ. ಬಟ್ ಮತ್ತು ಹೆಗಲ ನಡುವೆ ಒಂದು ಬೆರಳು ಜಾಗ ಬಿಟ್ಟರೋ, ರೈಫಲ್ ಒಂದೇ ಪೂರ್ತಿ ವೇಗ ಪಡೆದು ಬಂದು ಎಲುಬಿಗೆ ಬಡಿಯುತ್ತದೆ. ತೆಳ್ಳಗಿರುವುದಕ್ಕಿಂತ ಸಡಿಲ ಹಿಡಿಯುವುದೇ ಹೆಚ್ಚು ನೋವು ಕೊಡುತ್ತದೆ.

ತಾನೇ ಲೋಡ್ ಆಗುವುದು ಹೇಗೆ?

ನಿಮ್ಮ .22 ರೈಫಲಿನಲ್ಲಿ ಪ್ರತಿ ಗುಂಡಿನ ನಂತರ ನೀವೇ ಬೋಲ್ಟ್ ಎತ್ತಿ, ಹಿಂದಕ್ಕೆ ಎಳೆದು, ಖಾಲಿ ಕೇಸನ್ನು ಹೊರಗೆ ಹಾಕಿ, ಮತ್ತೆ ಮುಂದೆ ತಳ್ಳಿ ಮುಚ್ಚಬೇಕು. 1962ರ ಯುದ್ಧದಲ್ಲಿ ನಮ್ಮ ಸೈನಿಕರಲ್ಲಿ ಹೆಚ್ಚಿನವರ ಕೈಯಲ್ಲಿದ್ದ .303 ಲೀ ಎನ್‌ಫೀಲ್ಡ್ ರೈಫಲಿನಲ್ಲೂ ಈ ಕೆಲಸ ಕೈಯದೇ ಆಗಿತ್ತು. ಆ ಬಳಿಕ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ಸೈನ್ಯದ ಮುಖ್ಯ ಆಯುಧವಾಯಿತು. 1990ರ ದಶಕದಲ್ಲಿ 5.56 ಮಿ.ಮೀ. ಇನ್ಸಾಸ್ ಬಂತು. ಈ ರೈಫಲುಗಳಲ್ಲಿ ಟ್ರಿಗರ್ ಒತ್ತುವುದಷ್ಟೇ ಸೈನಿಕನ ಕೆಲಸ. ಉಳಿದದ್ದನ್ನು ಗುಂಡಿನ ಹಿಂದಿನ ಅನಿಲವೇ ಮಾಡುತ್ತದೆ. ಎಸ್‌ಎಲ್‌ಆರ್‌ನಲ್ಲಿ ಒಂದು ಸಲ ಒತ್ತಿದರೆ ಒಂದೇ ಗುಂಡು, ಆದರೆ ಮುಂದಿನದು ಆಗಲೇ ಸಿದ್ಧ. ಇದಕ್ಕೆ ಸೆಮಿ ಆಟೊಮ್ಯಾಟಿಕ್ ಎಂದು ಹೆಸರು.

ಎಸ್‌ಎಲ್‌ಆರ್‌ನಲ್ಲಿ ನಡೆಯುವುದು ಹೀಗೆ. ಗುಂಡು ನಳಿಗೆಯ ಉದ್ದಕ್ಕೂ ಓಡಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು. ನಳಿಗೆಯಲ್ಲಿರುವ ಸಣ್ಣ ರಂಧ್ರವನ್ನು ಅದು ದಾಟಿದ ಕೂಡಲೇ ಬಿಸಿ ಅನಿಲದ ಒಂದು ಪಾಲು ಆ ರಂಧ್ರದಿಂದ ಮೇಲೆ ನುಗ್ಗಿ ಪಿಸ್ಟನ್ ಎಂಬ ಸರಳಿಗೆ ಬಡಿಯುತ್ತದೆ. ಪಿಸ್ಟನ್ ಹಿಂದೆ ಬಂದು ಬೋಲ್ಟ್ ಹೊತ್ತಿರುವ ಭಾಗಕ್ಕೆ, ಅಂದರೆ ಕ್ಯಾರಿಯರ್‌ಗೆ, ಒಂದು ಗುದ್ದು ಕೊಟ್ಟು ನಿಲ್ಲುತ್ತದೆ. ಕ್ಯಾರಂ ಆಟದಲ್ಲಿ ಸ್ಟ್ರೈಕರ್ ಕಾಯಿಗೆ ಹೊಡೆದು ನಿಂತು, ಕಾಯಿ ಮುಂದೆ ಓಡಿದ ಹಾಗೆ. ಕ್ಯಾರಿಯರ್ ಮೊದಲು ಸ್ವಲ್ಪ ದೂರ ಒಂಟಿಯಾಗಿ ಓಡುತ್ತದೆ. ಅಷ್ಟರಲ್ಲಿ ಗುಂಡು ಹೊರಗೆ ಹೋಗಿ ನಳಿಗೆಯ ಒತ್ತಡ ಇಳಿದಿರುತ್ತದೆ. ಆಮೇಲೆ ಕ್ಯಾರಿಯರ್ ಬೋಲ್ಟಿನ ಬೀಗ ಬಿಡಿಸಿ, ಅದನ್ನೂ ಕಟ್ಟಿಕೊಂಡು ಹಿಂದೆ ಬರುತ್ತದೆ. ದಾರಿಯಲ್ಲಿ ಖಾಲಿ ಕೇಸು ಹೊರಬೀಳುತ್ತದೆ, ಹ್ಯಾಮರ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಹಿಂದಿನ ಸ್ಪ್ರಿಂಗ್ ಕುಗ್ಗುತ್ತದೆ. ಕುಗ್ಗಿದ ಸ್ಪ್ರಿಂಗ್ ಮತ್ತೆ ಹಿಗ್ಗುವಾಗ ಬೋಲ್ಟನ್ನು ಮುಂದೆ ತಳ್ಳುತ್ತದೆ. ಬೋಲ್ಟ್ ಮ್ಯಾಗಜಿನ್‌ನಿಂದ ಹೊಸ ಕಾರ್ಟ್ರಿಡ್ಜ್ ಎತ್ತಿಕೊಂಡು ಚೇಂಬರಿನಲ್ಲಿ ಕೂರಿಸಿ ಬೀಗ ಹಾಕಿಕೊಳ್ಳುತ್ತದೆ. ಇದೊಂದು ಸುತ್ತು.

ತೂಕ ಎಲ್ಲಿ ಬರುತ್ತದೆ?

ಲೆಕ್ಕ ಸರಳವಾಗಲೆಂದು ನಾನೇ ಕೆಲವು ಅಂಕಿ ಇಟ್ಟುಕೊಳ್ಳುತ್ತೇನೆ. ಇವು ಯಾವುದೇ ನಿಜ ರೈಫಲಿನ ಅಳತೆಗಳಲ್ಲ. ಪಿಸ್ಟನ್ ಕೊಡುವ ಆವೇಗ, ಅಂದರೆ ಇಂಪಲ್ಸ್, 2 ನ್ಯೂಟನ್ ಸೆಕೆಂಡ್ ಇರಲಿ. ಕ್ಯಾರಿಯರ್ 0.4 ಕೆ.ಜಿ., ಬೋಲ್ಟ್ 0.1 ಕೆ.ಜಿ. ಇರಲಿ.

ಗುದ್ದು ತಿಂದ ಕ್ಯಾರಿಯರ್ ಸೆಕೆಂಡಿಗೆ 5 ಮೀಟರ್ ವೇಗ ಪಡೆಯುತ್ತದೆ. ಚಲನಶಕ್ತಿ 5 ಜೂಲ್. ಬೋಲ್ಟನ್ನು ಕಟ್ಟಿಕೊಂಡ ಮೇಲೆ ಒಟ್ಟು ತೂಕ 0.5 ಕೆ.ಜಿ., ಸಂವೇಗ ಅದೇ 2, ಆದ್ದರಿಂದ ವೇಗ 4 ಮೀಟರಿಗೆ ಇಳಿಯುತ್ತದೆ, ಶಕ್ತಿ 4 ಜೂಲ್. ಒಂದು ಜೂಲ್ ಎಲ್ಲಿ ಹೋಯಿತು? ಎರಡು ವಸ್ತುಗಳು ಕೂಡಿಕೊಂಡು ಒಂದಾಗಿ ಓಡುವ ಅಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಶಕ್ತಿ ಶಾಖವಾಗಿ, ಸದ್ದಾಗಿ ಕಳೆದುಹೋಗುತ್ತದೆ ಎಂದು ನೀವು ಓದಿದ್ದೀರಿ. ಇದು ಅದರ ಜೀವಂತ ಉದಾಹರಣೆ.

ಈಗ ಸ್ಪ್ರಿಂಗ್ ಕುಗ್ಗಿಸಲು, ಹ್ಯಾಮರ್ ಮಡಚಲು, ಕೇಸು ಎಸೆಯಲು, ತಿಕ್ಕಾಟ ಗೆಲ್ಲಲು ಒಟ್ಟು 3 ಜೂಲ್ ಬೇಕು ಎನ್ನಿ. ನಮ್ಮಲ್ಲಿ 4 ಇದೆ. ಕೆಲಸ ಮುಗಿದು ಒಂದು ಜೂಲ್ ಉಳಿತಾಯ. ಧೂಳು ಬಿತ್ತು, ಎಣ್ಣೆ ಒಣಗಿತು, ತಿಕ್ಕಾಟ ಹೆಚ್ಚಿತು, ಆಗ ಈ ಉಳಿತಾಯವೇ ಕಾಯುವುದು.

ಒಟ್ಟು ತೂಕವನ್ನು 1 ಕೆ.ಜಿ.ಗೆ ಏರಿಸಿ. ಆವೇಗ ಅದೇ 2. ವೇಗ 2 ಮೀಟರ್, ಶಕ್ತಿ 2 ಜೂಲ್ ಮಾತ್ರ. ಬೇಕಾದದ್ದು 3. ಬೋಲ್ಟ್ ಅರ್ಧ ದಾರಿಯಲ್ಲೇ ನಿಂತು ಹಿಂದಿರುಗುತ್ತದೆ. ಖಾಲಿ ಕೇಸು ಸಿಕ್ಕಿಹಾಕಿಕೊಳ್ಳಬಹುದು, ಹೊಸ ಕಾರ್ಟ್ರಿಡ್ಜ್ ಮೇಲೆ ಬರದೆ ಇರಬಹುದು. ಸೈನಿಕನಿಗೆ ಇದು ರುಕಾವಟ್. ಹಾಗಾದರೆ ಎಷ್ಟು ತೂಕದವರೆಗೆ ನಡೆಯುತ್ತದೆ? ಆವೇಗದ ವರ್ಗ 4ನ್ನು ಬೇಕಾದ ಶಕ್ತಿಯ ಎರಡರಷ್ಟು, ಅಂದರೆ 6ರಿಂದ ಭಾಗಿಸಿ. 0.67 ಕೆ.ಜಿ. ಅದೇ ಗಡಿ.

ಇನ್ನು ನಿಮ್ಮ ಪ್ರಶ್ನೆಯ ದಿಕ್ಕಿಗೆ ಬರೋಣ. ಒಟ್ಟು ತೂಕವನ್ನು 0.25 ಕೆ.ಜಿ.ಗೆ ಇಳಿಸಿ. ವೇಗ 8 ಮೀಟರ್, ಶಕ್ತಿ 8 ಜೂಲ್. ಬೇಕಾದದ್ದು 3 ಕಳೆದರೆ 5 ಜೂಲ್ ಮಿಗುತ್ತದೆ. ಚುರುಕಾಯಿತು ಎಂದು ಸಂತೋಷಪಡಬೇಡಿ. ಮಿಕ್ಕ ಶಕ್ತಿಯೆಲ್ಲ ರೈಫಲಿನ ಹಿಂಗೋಡೆಗೆ ಬಡಿಯುತ್ತದೆ. ಲೋಹ ಬೇಗ ಸವೆಯುತ್ತದೆ, ಬಿರುಕು ಬಿಡುತ್ತದೆ. ಬೋಲ್ಟ್ ಅವಸರದಲ್ಲಿ ಬೀಗ ಬಿಡಿಸಿದರೆ ಚೇಂಬರಿನಲ್ಲಿ ಒತ್ತಡ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಕೇಸು ಗೋಡೆಗೆ ಅಂಟಿಕೊಂಡಿರುತ್ತದೆ, ಎಳೆದರೆ ಹರಿಯಬಹುದು. ಇನ್ನೊಂದು ತೊಂದರೆಯೂ ಇದೆ. ಮ್ಯಾಗಜಿನ್‌ನ ಸ್ಪ್ರಿಂಗ್ ಮುಂದಿನ ಕಾರ್ಟ್ರಿಡ್ಜನ್ನು ಮೇಲೆ ಎತ್ತಲು ಅದರದೇ ಸಮಯ ತೆಗೆದುಕೊಳ್ಳುತ್ತದೆ. ಅದು ಎತ್ತುವ ಮೊದಲೇ ಬೋಲ್ಟ್ ಮೇಲಿಂದ ಹಾದುಹೋದರೆ ಚೇಂಬರ್ ಖಾಲಿಯಾಗಿಯೇ ಮುಚ್ಚಿಕೊಳ್ಳುತ್ತದೆ. ಅಂದರೆ ಅತಿ ಭಾರವೂ ನಿಲ್ಲಿಸುತ್ತದೆ, ಅತಿ ಹಗುರವೂ ನಿಲ್ಲಿಸುತ್ತದೆ.

ಎಸ್‌ಎಲ್‌ಆರ್‌ನಲ್ಲಿ ಗ್ಯಾಸ್ ರೆಗ್ಯುಲೇಟರ್ ಇಟ್ಟಿರುವುದು ಇದಕ್ಕೇ. ತೂಕವನ್ನು ಯುದ್ಧಭೂಮಿಯಲ್ಲಿ ಬದಲಾಯಿಸಲು ಆಗದು, ಆದರೆ ಪಿಸ್ಟನ್ ಮೇಲೆ ಬೀಳುವ ಅನಿಲದ ಪಾಲನ್ನು ಹೆಚ್ಚುಕಡಿಮೆ ಮಾಡಬಹುದು. ನಮ್ಮ ಲೆಕ್ಕದ ಭಾಷೆಯಲ್ಲಿ, ದ್ರವ್ಯರಾಶಿಯನ್ನು ಮುಟ್ಟದೆ ಆವೇಗವನ್ನು ಬದಲಾಯಿಸುವುದು.

ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ

ಪರೀಕ್ಷೆಯಲ್ಲಿ ಬಹಳ ಜನ ಗೊಂದಲಕ್ಕೆ ಬೀಳುವ ಜಾಗ ಇದು. ಹಿಂದೆ ಹೋಗುವಾಗ ಬೋಲ್ಟಿಗೆ ಸಿಗುವುದು ನಿಗದಿತ ಆವೇಗ. ಮುಂದೆ ಬರುವಾಗ ಸಿಗುವುದು ಕುಗ್ಗಿದ ಸ್ಪ್ರಿಂಗಿನ ನಿಗದಿತ ಶಕ್ತಿ. ಎರಡೂ ಒಂದೇ ಅಲ್ಲ.

ಸ್ಪ್ರಿಂಗಿನಲ್ಲಿ 2 ಜೂಲ್ ಇದೆ ಎನ್ನಿ. 0.5 ಕೆ.ಜಿ. ಬೋಲ್ಟ್ 2.83 ಮೀಟರ್ ವೇಗದಲ್ಲಿ ಮುಂದೆ ಬರುತ್ತದೆ, ಸಂವೇಗ 1.41. ಒಂದು ಕೆ.ಜಿ. ಬೋಲ್ಟ್ 2 ಮೀಟರ್ ವೇಗದಲ್ಲಿ ಬರುತ್ತದೆ, ಸಂವೇಗ 2. ಭಾರವಾದದ್ದು ನಿಧಾನ, ಆದರೆ ಅದರ ಸಂವೇಗ ಹೆಚ್ಚು, ತಡೆದು ನಿಲ್ಲಿಸಲು ಹೆಚ್ಚು ಹೊತ್ತು ಬೇಕು. ಆವೇಗ ನಿಗದಿಯಾಗಿದ್ದರೆ ತೂಕ ಹೆಚ್ಚಿದಂತೆ ಶಕ್ತಿ ಕಡಿಮೆ. ಶಕ್ತಿ ನಿಗದಿಯಾಗಿದ್ದರೆ ತೂಕ ಹೆಚ್ಚಿದಂತೆ ಸಂವೇಗ ಹೆಚ್ಚು. ಈ ಎರಡು ವಾಕ್ಯಗಳನ್ನು ನೋಟ್ ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಯಾವುದೇ ಲೆಕ್ಕ ಬಿಡಿಸುವ ಮೊದಲು "ಇಲ್ಲಿ ನಿಗದಿಯಾಗಿರುವುದು ಯಾವುದು?" ಎಂದು ಕೇಳಿಕೊಳ್ಳಿ.

ಬೀಗವೇ ಇಲ್ಲದ ಯಂತ್ರ

ಕೆಲವು ಸಣ್ಣ ಆಯುಧಗಳಲ್ಲಿ ಬೋಲ್ಟಿಗೆ ಬೀಗವೇ ಇರುವುದಿಲ್ಲ. ಅದರ ತೂಕವೇ ಅದಕ್ಕೆ ಬೀಗ. ಇದಕ್ಕೆ ಬ್ಲೋಬ್ಯಾಕ್ ಎನ್ನುತ್ತಾರೆ. ಗುಂಡು ಮುಂದೆ ಹೋದಷ್ಟೇ ಸಂವೇಗದಿಂದ ಬೋಲ್ಟ್ ಹಿಂದೆ ಬರುತ್ತದೆ. .22 ಗುಂಡಿನ ಸಂವೇಗ 0.86. ಬೋಲ್ಟ್ 0.3 ಕೆ.ಜಿ. ಇದ್ದರೆ ವೇಗ 2.9 ಮೀಟರ್, ನಿಭಾಯಿಸಬಹುದು. ಇದೇ ವೇಗವನ್ನು 7.62 ಗುಂಡಿಗೆ ಇಟ್ಟುಕೊಳ್ಳಬೇಕಾದರೆ ಬೋಲ್ಟ್ ಒಂದೇ 2.7 ಕೆ.ಜಿ. ತೂಗಬೇಕು. ರೈಫಲಿನ ಅರ್ಧಕ್ಕಿಂತ ಹೆಚ್ಚು ತೂಕ ಬೋಲ್ಟಿನದ್ದೇ ಆದರೆ ಹೊತ್ತುಕೊಂಡು ಬೆಟ್ಟ ಹತ್ತುವವರಾರು? ದೊಡ್ಡ ಗುಂಡಿನ ರೈಫಲುಗಳಿಗೆ ಬೀಗ ಹಾಕಿಕೊಳ್ಳುವ ಬೋಲ್ಟ್ ಏಕೆ ಬೇಕಾಯಿತು ಎಂಬುದು ಈ ಒಂದು ಭಾಗಾಕಾರದಲ್ಲಿ ತಿಳಿಯುತ್ತದೆ.

ಹೊರುವವನ ತೂಕವನ್ನೂ ಮರೆಯಬಾರದು. 7.62ರ ಒಂದು ಕಾರ್ಟ್ರಿಡ್ಜ್ ಸುಮಾರು 24 ಗ್ರಾಂ, 5.56ರದ್ದು ಸುಮಾರು 12 ಗ್ರಾಂ. ನೂರು ಗುಂಡು ಹೊತ್ತರೆ 2.4 ಕೆ.ಜಿ. ಮತ್ತು 1.2 ಕೆ.ಜಿ. ಸಣ್ಣ ಗುಂಡಿನ ಕಡೆಗೆ ಹೋದ ಸೈನ್ಯಗಳ ಲೆಕ್ಕಾಚಾರದಲ್ಲಿ ಈ ವ್ಯತ್ಯಾಸವೂ ಇತ್ತು.

ಮಗ್ಗದ ಲಾಳಿಯಲ್ಲೂ ಇದೇ ಪಾಠ

ರೈಫಲ್ ನೋಡದವರು ಬೆಳಗಾವಿಯ ವಡಗಾವಿ ಅಥವಾ ಖಾಸಬಾಗದ ಓಣಿಯಲ್ಲಿ ವಿದ್ಯುತ್ ಮಗ್ಗದ ಪಕ್ಕ ಐದು ನಿಮಿಷ ನಿಲ್ಲಿ. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡುತ್ತಲೇ ಇರುತ್ತದೆ. ನೂಲಿನ ಉಂಡೆ ಹೊತ್ತ ಲಾಳಿ ಸುಮಾರು 400 ಗ್ರಾಂ ತೂಗುತ್ತದೆ. ಸೆಕೆಂಡಿಗೆ 10 ಮೀಟರ್ ವೇಗ ಎಂದುಕೊಂಡರೂ ಶಕ್ತಿ 20 ಜೂಲ್. ಪ್ರತಿ ಸಲ ಅಷ್ಟೂ ಶಕ್ತಿಯನ್ನು ಕೊಡಬೇಕು, ಇನ್ನೊಂದು ತುದಿಯಲ್ಲಿ ಅಷ್ಟನ್ನೂ ತಡೆದು ನಿಲ್ಲಿಸಬೇಕು. ಮಗ್ಗದ ಟಕಟಕ ಸದ್ದಿನಲ್ಲಿ ದೊಡ್ಡ ಪಾಲು ಇದರದ್ದೇ. ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿ ಲಾಳಿಯ ಬದಲು 40 ಗ್ರಾಂ ತೂಕದ ಸಣ್ಣ ಲೋಹದ ಹಿಡಿಕೆಯನ್ನು ಎಸೆಯುವ ಮಗ್ಗ ತಯಾರಿಸಿತು. ನೂಲಿನ ಉಂಡೆ ಹೊರಗೇ ಉಳಿಯಿತು, ಎಳೆ ಮಾತ್ರ ಓಡಿತು. ಅದೇ 20 ಜೂಲ್ ಕೊಟ್ಟರೆ 40 ಗ್ರಾಂ ವಸ್ತು ಎಷ್ಟು ವೇಗದಲ್ಲಿ ಹಾರುತ್ತದೆ? ತೂಕ ಹತ್ತನೇ ಒಂದು ಭಾಗ, ಆದ್ದರಿಂದ ವೇಗ ಹತ್ತರ ವರ್ಗಮೂಲದಷ್ಟು, ಸುಮಾರು 3.16 ಪಟ್ಟು. ಸೆಕೆಂಡಿಗೆ 31.6 ಮೀಟರ್. ಬೋಲ್ಟಾದರೂ ಸರಿ, ಲಾಳಿಯಾದರೂ ಸರಿ, ಹೋಗಿ ಬರುವ ವಸ್ತುವಿನ ತೂಕವೇ ಯಂತ್ರದ ಓಟವನ್ನು ಗೊತ್ತುಮಾಡುತ್ತದೆ.

ನಮ್ಮ ಪ್ರಯೋಗಾಲಯದಲ್ಲಿ ಮಾಡಿ ನೋಡಿ

ಸ್ಪ್ರಿಂಗಿನ ಬಲ ಸ್ಥಿರಾಂಕ ಕಂಡುಹಿಡಿಯುವ ಪ್ರಯೋಗ ನಿಮ್ಮ ಪಟ್ಟಿಯಲ್ಲಿದೆ. ಅದೇ ಸ್ಪ್ರಿಂಗ್ ಸಾಕು. ಮೊದಲು 100 ಗ್ರಾಂ ತೂಗುಹಾಕಿ, ಸ್ವಲ್ಪ ಕೆಳಗೆಳೆದು ಬಿಡಿ, 20 ಆಂದೋಲನಗಳಿಗೆ ಎಷ್ಟು ಸಮಯ ಎಂದು ಸ್ಟಾಪ್ ವಾಚ್‌ನಲ್ಲಿ ನೋಡಿ. ನಂತರ 400 ಗ್ರಾಂ ತೂಗುಹಾಕಿ ಮತ್ತೆ ಅಳೆಯಿರಿ. ಆವರ್ತಕಾಲ ದ್ರವ್ಯರಾಶಿಯ ವರ್ಗಮೂಲದ ಅನುಪಾತದಲ್ಲಿರುವುದರಿಂದ, ತೂಕ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟಾಗಬೇಕು. ಬಲ ಸ್ಥಿರಾಂಕ ಮೀಟರಿಗೆ 25 ನ್ಯೂಟನ್ ಇರುವ ಸ್ಪ್ರಿಂಗಿಗೆ ಮೊದಲನೆಯದು 7.9 ಸೆಕೆಂಡ್, ಎರಡನೆಯದು 15.9 ಸೆಕೆಂಡ್ ಬರುತ್ತದೆ. ನಿಮ್ಮ ಅಳತೆಯಲ್ಲಿ ಅನುಪಾತ ಎರಡಕ್ಕಿಂತ ತುಸು ಕಡಿಮೆ ಬಂದರೆ ಗಾಬರಿಯಾಗಬೇಡಿ. ಸ್ಪ್ರಿಂಗಿಗೂ ತನ್ನದೇ ತೂಕವಿದೆ. ಅದರ ಮೂರನೇ ಒಂದು ಭಾಗವನ್ನು ಎರಡೂ ಸಲ ಸೇರಿಸಿ ಲೆಕ್ಕ ಹಾಕಿ, ಸರಿಹೋಗುತ್ತದೆ. ರೈಫಲಿನ ಬೋಲ್ಟ್ ಮುಂದೆ ಬರಲು ತೆಗೆದುಕೊಳ್ಳುವ ಸಮಯಕ್ಕೂ ಇದೇ ವರ್ಗಮೂಲದ ನಿಯಮ.

ಜೀವಕ್ಕೆ ಸಂಬಂಧಿಸಿದ ಒಂದು ಮಾತು

ಇಷ್ಟೆಲ್ಲ ಲೆಕ್ಕದಿಂದ ಒಂದು ಗಂಭೀರ ತೀರ್ಮಾನ ಹೊರಡುತ್ತದೆ. ಸೆಲ್ಫ್ ಲೋಡಿಂಗ್ ರೈಫಲಿನಲ್ಲಿ ಒಂದು ಗುಂಡು ಹಾರಿದ ಕ್ಷಣವೇ ಇನ್ನೊಂದು ಗುಂಡು ಚೇಂಬರಿನಲ್ಲಿ ಕೂತಿರುತ್ತದೆ. ಹಾರಿಸಿದವನು ಏನೂ ಮಾಡಿರುವುದಿಲ್ಲ, ಯಂತ್ರ ಮಾಡಿರುತ್ತದೆ. ಮ್ಯಾಗಜಿನ್ ತೆಗೆದರೂ ಆ ಒಂದು ಗುಂಡು ಅಲ್ಲೇ ಇರುತ್ತದೆ. "ಮ್ಯಾಗಜಿನ್ ತೆಗೆದಿದ್ದೇನೆ, ಖಾಲಿ ಇದೆ" ಎಂಬ ನಂಬಿಕೆಯೇ ಅಪಾಯ. ಆದ್ದರಿಂದಲೇ "ಖಾಲಿ ಕರ್" ಆದೇಶದಲ್ಲಿ ಕ್ರಮ ಮುಖ್ಯ. ಮೊದಲು ಮ್ಯಾಗಜಿನ್ ತೆಗೆಯಬೇಕು, ನಂತರ ಬೋಲ್ಟ್ ಎಳೆದು ಚೇಂಬರಿನಲ್ಲಿದ್ದದ್ದನ್ನು ಹೊರಹಾಕಬೇಕು, ಆಮೇಲೆ ಕಣ್ಣಿಟ್ಟು ನೋಡಬೇಕು. ಈ ಕ್ರಮ ತಿರುವುಮುರುವಾದರೆ ಏನಾಗುತ್ತದೆ ಎಂದು ಯೋಚಿಸಿ. ಮೊದಲು ಬೋಲ್ಟ್ ಎಳೆದರೆ ಒಂದು ಗುಂಡು ಹೊರಬೀಳುತ್ತದೆ, ಆದರೆ ಬೋಲ್ಟ್ ಮರಳುವಾಗ ಮ್ಯಾಗಜಿನ್‌ನಿಂದ ಇನ್ನೊಂದನ್ನು ತಂದು ಕೂರಿಸುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ನೆಮ್ಮದಿಯಿಂದ ಟ್ರಿಗರ್ ಒತ್ತಿದರೆ ಗುಂಡು ಹಾರುತ್ತದೆ. ಡ್ರಿಲ್ ಎಂದರೆ ಬಾಯಿಪಾಠವಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನಿಮ್ಮ .22 ರೈಫಲಿನಲ್ಲಿ ಬೋಲ್ಟ್ ನಡೆಸುವುದು ನಿಮ್ಮ ಕೈ, ಆದರೂ ಮ್ಯಾಗಜಿನ್ ಇದ್ದಾಗ ಇದೇ ನಿಯಮ ಅನ್ವಯಿಸುತ್ತದೆ. ಮುಂದೆ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೋ ಬೇರೆಡೆಗೋ ಸೈನಿಕರಾಗಿ ಹೋಗುವ ಆಸೆ ಇಟ್ಟುಕೊಂಡಿರುವವರು ಇದನ್ನು ಇಂದೇ ಮನಸ್ಸಿಗೆ ಹಚ್ಚಿಕೊಳ್ಳಿ. ಆಯುಧವನ್ನು ಬಿಚ್ಚುವುದು, ಭಾಗ ಬದಲಿಸುವುದು ಆರ್ಮರರ್ ಕೆಲಸ. ನಮ್ಮ ಕೆಲಸ ಹಾಳೆಯ ಮೇಲೆ.

ಅಭ್ಯಾಸಕ್ಕೆ

1. ಇನ್ಸಾಸ್ ರೈಫಲಿನ ಗುಂಡು 4 ಗ್ರಾಂ, ವೇಗ ಸೆಕೆಂಡಿಗೆ 900 ಮೀಟರ್, ರೈಫಲ್ 4.2 ಕೆ.ಜಿ. ಎಂದು ಇಟ್ಟುಕೊಂಡು ಹಿಂದೊದೆತದ ವೇಗ ಮತ್ತು ಶಕ್ತಿ ಕಂಡುಹಿಡಿಯಿರಿ. ಎಸ್‌ಎಲ್‌ಆರ್ ಜೊತೆ ಹೋಲಿಸಿರಿ.

2. ಮೇಲಿನ ಉದಾಹರಣೆಯಲ್ಲಿ ಧೂಳಿನಿಂದಾಗಿ ಬೇಕಾದ ಶಕ್ತಿ 3ರಿಂದ 4.5 ಜೂಲ್‌ಗೆ ಏರಿತು. 0.5 ಕೆ.ಜಿ. ಭಾಗ ಪೂರ್ತಿ ಹಿಂದೆ ಹೋಗಲು ಆವೇಗ ಕನಿಷ್ಠ ಎಷ್ಟಿರಬೇಕು?

3. ಲಾಳಿಗೂ ಸುಲ್ಜರ್ ಹಿಡಿಕೆಗೂ ಸಮಾನ ಶಕ್ತಿಯ ಬದಲು ಸಮಾನ ಆವೇಗ ಕೊಟ್ಟರೆ ವೇಗಗಳ ಅನುಪಾತ ಎಷ್ಟು? ಶಕ್ತಿಗಳ ಅನುಪಾತ ಎಷ್ಟು?

ಉತ್ತರಗಳನ್ನು ಹಂತ ಹಂತವಾಗಿ ಬರೆದು ಭೌತಶಾಸ್ತ್ರ ವಿಭಾಗಕ್ಕೆ ತಂದು ಕೊಡಿ. ಬರೀ ಉತ್ತರ ಬೇಡ, "ಇಲ್ಲಿ ನಿಗದಿಯಾಗಿರುವುದು ಯಾವುದು" ಎಂಬುದನ್ನು ಮೊದಲ ಸಾಲಿನಲ್ಲಿ ಬರೆದಿರಬೇಕು. ಮುಂದಿನ ಸಂಚಿಕೆಯಲ್ಲಿ ಉತ್ತರಗಳನ್ನು ಬಿಡಿಸಿ ತೋರಿಸುತ್ತೇನೆ.